ಹನ್ನೊಂದನೆಯ ಮೆಟ್ಟಿಲು

ಸೀಗೆಹಟ್ಟಿಯ ನಮ್ಮ ಮನೆಗೆ ಆ ಪೆಟ್ಟಿಗೆ ಬಂದ ದಿನ
ಅಪ್ಪ ಕನ್ನಡಕ ಹಾಕಿಕೊಂಡು
ಕೊಳವೆಯುದ್ದಕ್ಕೂ ಬೆರಳಾಡಿಸಿ ಗುಂಡಿ ಹುಡುಕಿದ.
ಇಲ್ಲ.
'ಮೂರು ಗುಂಡಿ ಇರೋದಕ್ಕೆ ಹದಿನೆಂಟು ಸಾವಿರ,
ಒಂದೂ ಇಲ್ಲದ್ದಕ್ಕೆ ಒಂದೂಕಾಲು ಲಕ್ಷವೇನೇ ಸಲೋಮಿ?
ಹೆಚ್ಚು ಕೊಟ್ಟು ಕಡಿಮೆ ತಂದಿದ್ದೀಯಲ್ಲ.'

ದಾವಿದಪ್ಪ ಬ್ಯಾಂಡ್ ಸೆಟ್ಟಿನ ಯಜಮಾನನ ಮಾತು ಅದು.
ನಲವತ್ತು ವರ್ಷ ಮದುಮಕ್ಕಳ ಮುಂದೆ ಹಿಮ್ಮುಖ ನಡೆದವನು,
ಜನರೇಟರ್ ಗಾಡಿಯ ಹೊಗೆಯಲ್ಲಿ ಸಿನಿಮಾ ಹಾಡು ಊದಿದವನು,
ಮುಂದಿನ ಎರಡು ಹಲ್ಲು ಬಿದ್ದ ಸಂಜೆ
ಟ್ರಂಪೆಟ್ಟನ್ನು ಮಾತಿಲ್ಲದೆ ನನ್ನ ಮಡಿಲಿಗಿಟ್ಟವನು.

ಈಗ ನನ್ನ ಹೊಟ್ಟೆಪಾಡು ಎರಡು ಕಡೆ.

ರಾತ್ರಿ ರೈಲು ಹತ್ತಿದರೆ ಬೆಂಗಳೂರು, ಕಪ್ಪು ಉಡುಪು,
ಮುನ್ನೂರು ವರ್ಷದ ಹಿಂದಿನ ಬರೋಕ್ ಸಂಗೀತ.
ದೊರೆ ಬಂದ, ದೇವರು ಎದ್ದ ಎಂದು ಸಾರಲಷ್ಟೇ
ಅಲ್ಲಿ ನಮ್ಮನ್ನು ಕರೆಯುವುದು.
ಮಿಕ್ಕ ಹೊತ್ತು ಪಿಟೀಲುಗಳದ್ದೇ ರಾಜ್ಯ.
ಎಂಬತ್ತಾರು ಆವರ್ತ ಸುಮ್ಮನಿರಬೇಕು.
ಬೆರಳು ಮಡಚಿ ಎಣಿಸುತ್ತೇನೆ,
ಹಾಲಿನವನ ಲೆಕ್ಕ ಇಡುವ ಅಮ್ಮನ ಹಾಗೆ.
ಎಂಬತ್ತೇಳಕ್ಕೆ ಏಳಬೇಕು,
ತಣ್ಣಗಾದ ತುಟಿಯಲ್ಲಿ ತುಟ್ಟತುದಿಯ ಸ್ವರ.
ತಪ್ಪಿದರೆ ಊರಿಗೆಲ್ಲ ಗೊತ್ತು.

ಇತ್ತ ಸೊರಬದ ಹತ್ತಿರ ಅಕ್ಕಿ ಗಿರಣಿಯ ಗೋದಾಮು:
ಹನ್ನೆರಡು ಡೊಳ್ಳು, ಒಂದು ಕೊಂಬು, ನಾನು.
ಎಣಿಸಲು ಪುರಸೊತ್ತೇ ಇಲ್ಲ,
ಪೆಟ್ಟು ಬಿದ್ದರೆ ಪಕ್ಕೆಲುಬೇ ಎಣಿಸಿಕೊಳ್ಳುತ್ತದೆ.
ತೌಡಿನ ಧೂಳಿಗೆ ಮೊದಲ ದಿನ ಬರೀ ಕೆಮ್ಮಿದೆ.
ಕೊಳವೆಯ ನೀರು ಬಸಿದಾಗ ಹುಡುಗರು ನಕ್ಕರು,
'ಅಕ್ಕ ಉಗುಳ್ತಾಳೆ ನೋಡ್ರೋ.'
ಉಗುಳಲ್ಲ ಕಣ್ರೋ, ಉಸಿರು,
ತಣ್ಣನೆ ಹಿತ್ತಾಳೆಗೆ ತಾಗಿ ನೀರಾದದ್ದು.
ಉಳವಿಯ ಗುತ್ಯಪ್ಪ ಮಾತ್ರ ನಗಲಿಲ್ಲ.
ತನ್ನ ಕೊಂಬನ್ನು ಬೋರಲು ಹಾಕಿದ.
ಅದರಿಂದಲೂ ಅಷ್ಟೇ ನೀರು.

ಅವನ ಕೊಂಬಿಗೂ ಗುಂಡಿಯಿಲ್ಲ, ತೂತಿಲ್ಲ.
ಇಂಥ ಕೊಳವೆಯೊಳಗೆ ಒಂದು ಏಣಿ ಇರುತ್ತದೆ,
ಬೆರಳಿಗೆ ಅಲ್ಲಿ ಕೆಲಸವಿಲ್ಲ,
ತುಟಿ ಬಿಗಿದಂತೆಲ್ಲ ಒಂದೊಂದೇ ಮೆಟ್ಟಿಲು ಸಿಗುತ್ತದೆ,
ಕೆಳಗೆ ದೂರ ದೂರ, ಮೇಲೆ ಒತ್ತೊತ್ತಾಗಿ.
ಹನ್ನೊಂದನೆಯದು ಮಾತ್ರ ವಕ್ರ:
ಶುದ್ಧ ಮಧ್ಯಮಕ್ಕಿಂತ ಮೇಲೆ,
ಪ್ರತಿ ಮಧ್ಯಮವನ್ನು ಮುಟ್ಟದೆ,
ಎರಡು ಮನೆಗಳ ನಡುವಿನ ಓಣಿಯಲ್ಲಿ ನಿಂತ ಬೆಕ್ಕಿನ ಹಾಗೆ.
ಪಿಟೀಲುಗಳ ಪಂಕ್ತಿಯಲ್ಲಿ ಅದಕ್ಕೆ ಎಲೆಯಿಲ್ಲ.
ತುಟಿಯಲ್ಲೇ ಕಿವಿ ಹಿಂಡಿ, ಕೆಳಕ್ಕೆಳೆದು ಕೂರಿಸಬೇಕು.
ಏಳು ವರ್ಷ ಹಿಡಿಯಿತು ಕಲಿಯಲು.
ನನ್ನ ಸಂಬಳ ಅದಕ್ಕೇ.

ಊಟದ ಬಿಡುವಿನಲ್ಲಿ ಗುತ್ಯಪ್ಪ
'ಒಂಚೂರು ಕೊಡು ಇಲ್ಲಿ' ಅಂದ.
ಬಾಯಿ ಮುಕ್ಕಳಿಸಿ, ಪಂಚೆಯಂಚಲ್ಲಿ ತುಟಿ ಒರೆಸಿ,
ಒಂದೇ ಉಸಿರಿಗೆ ಏರಿದ,
ಎಂಟು, ಒಂಬತ್ತು, ಹತ್ತು,
ಹನ್ನೊಂದರಲ್ಲಿ ನಿಂತ. ಬಹಳ ಹೊತ್ತು ನಿಂತ.
ತಗಡಿನ ಮಾಡು ಗುಂಯ್ಗುಟ್ಟಿತು,
ಮೂಟೆಗಳ ಮೇಲಿನ ಗುಬ್ಬಿಗಳು ಎದ್ದವು.

'ಅದು ಅಪಸ್ವರ ಅಣ್ಣ, ಸ್ವಲ್ಪ ಕೆಳಗೆ ಎಳೀಬೇಕು.'
ಅವನಿಗೆ ನಿಜಕ್ಕೂ ತಿಳಿಯಲಿಲ್ಲ.
'ಯಾಕೆ ಎಳೀತೀಯವ್ವ?
ಅದರ ಪಾಡಿಗೆ ಅದು ಬಂತಲ್ಲ.'

ಭಾನುವಾರ. ಎಂಬತ್ತಾರು ಎಣಿಸಿದೆ. ಎದ್ದೆ.
ಬಂತು ಓಣಿಯ ಬೆಕ್ಕು, ಅದರ ಪಾಡಿಗೆ.
ಒಂದು ಕ್ಷಣ, ಅಷ್ಟೂ ಇಲ್ಲ,
ಹಾಗೇ ಬಿಟ್ಟೆ.
ಮುಂದಿನ ಸಾಲಿನ ಪಿಟೀಲಿನ ಹೆಗಲು ಗಡುಸಾಯಿತು.
ಕೈಯಾಡಿಸುವಾತನ ಹುಬ್ಬು ಏರುವುದರೊಳಗೆ
ಎಳೆದು ಕೂರಿಸಿದೆ.
ಚಪ್ಪಾಳೆ ಎಂದಿನಷ್ಟೇ.

ಹಿತ್ತಲ ಬಾಗಿಲಲ್ಲಿ ಕೂತು ನೀರು ಬಸಿಯುತ್ತಿದ್ದಾಗ ಫೋನು.
ಹಿಂದೆ ಡೊಳ್ಳು.
'ಮುಗೀತಾ?'
'ಮುಗೀತು.'
'ಎಳದ್ಯಾ?'
'ಎಳೆದೆ ಅಣ್ಣ. ಸ್ವಲ್ಪ ತಡ ಮಾಡಿ ಎಳೆದೆ.'

ನಕ್ಕನೋ ಕೆಮ್ಮಿದನೋ
ಆ ಗದ್ದಲದಲ್ಲಿ ಗೊತ್ತಾಗಲಿಲ್ಲ.
'ಬುಧವಾರ ಬೇಗ ಬಾ' ಅಂದ,
'ಗಿರಣಿಗೆ ಹೊಸ ಭತ್ತ ಬರ್ತದೆ,
ಮಧ್ಯಾಹ್ನದ ಮೇಲೆ ಜಾಗ ಇರಲ್ಲ.'